ಗೆಲ್ಲಬಲ್ಲವರ ಹುಡುಕಾಟ: 2020ರ ಡೆಮಾಕ್ರಟಿಕ್ ಕಣ

ಮಾನ್ಯ ಕೇಳುಗರಿಗೆ ನಮಸ್ಕಾರ.

ಅಮೆರಿಕದ ಡೆಮಾಕ್ರಟಿಕ್ ಪಕ್ಷ 2020ರಲ್ಲಿ ತನ್ನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಿಕೊಂಡ ಬಗೆಯನ್ನೂ ಆ ಕಣದಲ್ಲಿದ್ದ ಪ್ರಮುಖರನ್ನೂ ಕುರಿತ ನನ್ನ ಅಭಿಪ್ರಾಯಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ಆ ಸ್ಪರ್ಧೆ ಮುಗಿದು ವರ್ಷಗಳೇ ಕಳೆದಿವೆ. ಆದರೆ ಅಂದು ಪಕ್ಷದ ಮತದಾರರು ಅಭ್ಯರ್ಥಿಗಳನ್ನು ಅಳೆದ ಅಳತೆಗೋಲು ಸರಿಯಾಗಿತ್ತೇ ಎಂಬ ವಾದ ಇನ್ನೂ ಮುಗಿದಿಲ್ಲ. ಅದು ಸರಿಯಾಗಿರಲಿಲ್ಲ ಎಂದೇ ನಾನು ನಂಬಿದ್ದೇನೆ.

ನಮ್ಮಲ್ಲಿ ಚುನಾವಣೆ ಹತ್ತಿರವಾದಾಗ ಟಿಕೆಟ್ ಆಕಾಂಕ್ಷಿಗಳು ದೆಹಲಿಗೆ ಹೋಗಿ ಕಾಯುತ್ತಾರೆ. ಹೈಕಮಾಂಡ್ ಯಾರ ಹೆಸರನ್ನು ಅಂತಿಮಗೊಳಿಸುತ್ತದೆಯೋ ಅವರ ಕೈಗೆ ಬಿ ಫಾರಂ ಬರುತ್ತದೆ. ಅಮೆರಿಕದಲ್ಲಿ ಆ ನಿರ್ಧಾರ ಮತದಾರರದು. ಫೆಬ್ರವರಿಯಿಂದ ಬೇಸಿಗೆಯವರೆಗೆ ಒಂದೊಂದು ರಾಜ್ಯವೂ ತನ್ನ ಸರದಿಯಲ್ಲಿ ಪ್ರಾಥಮಿಕ ಚುನಾವಣೆಯನ್ನೋ ಕಾಕಸ್ ಎಂಬ ಸ್ಥಳೀಯ ಸಭೆಗಳನ್ನೋ ನಡೆಸುತ್ತದೆ. ಡೆಮಾಕ್ರಟಿಕ್ ಪಕ್ಷದ ನಿಯಮದಂತೆ, ಶೇಕಡ 15ರಷ್ಟಾದರೂ ಮತ ಪಡೆದವರಿಗೆ ಮಾತ್ರ, ಪಕ್ಷದ ಸಮಾವೇಶದಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು ಮತಕ್ಕೆ ತಕ್ಕಷ್ಟು ಸಿಗುತ್ತಾರೆ. 2020ರಲ್ಲಿ ಮೊದಲ ಸುತ್ತಿನಲ್ಲೇ ಗೆಲ್ಲಲು 1,991 ಪ್ರತಿನಿಧಿಗಳು ಬೇಕಾಗಿದ್ದರು. ಪಕ್ಷದ ಹಿರಿಯರಿಗೆ ತಾವಾಗಿಯೇ ದೊರಕುತ್ತಿದ್ದ ಮತಾಧಿಕಾರವನ್ನು 2018ರ ಸುಧಾರಣೆ ಮೊದಲ ಸುತ್ತಿನಿಂದ ದೂರವಿಟ್ಟಿದ್ದರಿಂದ, ತೀರ್ಪು ನಿಜವಾಗಿಯೂ ಸಾಮಾನ್ಯ ಮತದಾರರ ಕೈಯಲ್ಲಿತ್ತು.

ಕಣಕ್ಕಿಳಿದವರ ಸಂಖ್ಯೆ ಎಷ್ಟಿತ್ತೆಂದರೆ, 2019ರ ಜೂನ್ 26 ಮತ್ತು 27ರಂದು ಮಯಾಮಿಯಲ್ಲಿ ನಡೆದ ಮೊದಲ ಚರ್ಚೆಗೆ ಇಪ್ಪತ್ತು ಮಂದಿ ಅರ್ಹರಾಗಿ, ಅವರನ್ನು ಎರಡು ರಾತ್ರಿಗಳಿಗೆ ಹಂಚಬೇಕಾಯಿತು. ಆರು ಮಂದಿ ಮಹಿಳೆಯರಿದ್ದರು. ಕಪ್ಪುವರ್ಣೀಯರು, ಲ್ಯಾಟಿನೊ ಮೂಲದವರು, ಏಷ್ಯಾ ಮೂಲದವರು ಇದ್ದರು. ಪ್ರತಿ ಅಮೆರಿಕನ್ ವಯಸ್ಕರಿಗೂ ತಿಂಗಳಿಗೆ ಸಾವಿರ ಡಾಲರ್ ಕೊಡಬೇಕೆಂದು ವಾದಿಸಿದ ಆಂಡ್ರ್ಯೂ ಯಾಂಗ್ ಅವರಂಥ ಹೊಸಬರೂ ಇದ್ದರು. ಆರೂವರೆ ತಿಂಗಳ ನಂತರ, 2020ರ ಜನವರಿ 14ರಂದು ಅಯೋವಾದ ಡೆ ಮೊಯ್ನ್ ನಗರದ ಚರ್ಚಾ ವೇದಿಕೆಯ ಮೇಲೆ ನಿಂತಿದ್ದ ಆರು ಮಂದಿಯೂ ಶ್ವೇತವರ್ಣೀಯರು. ಆ ಹೊತ್ತಿಗೆ ಇನ್ನೂ ಒಂದೇ ಒಂದು ಮತ ಚಲಾವಣೆಯಾಗಿರಲಿಲ್ಲ.

ಇದಕ್ಕೆ ಹಣದ ಕೊರತೆ ಕಾರಣ, ಸಮೀಕ್ಷೆಗಳ ಅಂಕಿ ಕಾರಣ ಎಂದು ಹೇಳುವುದು ತಪ್ಪಲ್ಲ. ಆದರೆ ಹಣವೂ ಸಮೀಕ್ಷೆಯೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿದ್ದವು. ಡೊನಾಲ್ಡ್ ಟ್ರಂಪ್ ಅವರನ್ನು ಸೋಲಿಸಬಲ್ಲವರು ಯಾರು ಎಂಬುದೇ ಆ ಪ್ರಶ್ನೆ. 2016ರ ಸೋಲಿನಿಂದ ಕಂಗೆಟ್ಟಿದ್ದ ಮತದಾರರಿಗೆ ಅದು ಸಹಜವೇ ಆಗಿತ್ತು. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಮತದಾರರು ತಮಗೆ ಯಾರು ಒಪ್ಪಿಗೆ ಎಂದು ಕೇಳಿಕೊಳ್ಳುವ ಬದಲು, ದೂರದ ವಿಸ್ಕಾನ್ಸಿನ್‌ನಲ್ಲೋ ಪೆನ್ಸಿಲ್ವೇನಿಯಾದಲ್ಲೋ ಇರುವ ಅಪರಿಚಿತ ಮತದಾರನಿಗೆ ಯಾರು ಒಪ್ಪಿಗೆಯಾದಾರು ಎಂದು ಊಹಿಸತೊಡಗಿದರು. ಹಾಗೆ ಊಹಿಸುವವರು ಆ ಅಪರಿಚಿತನ ಪೂರ್ವಗ್ರಹಗಳನ್ನೂ ಊಹಿಸಿ, ತಾವು ನಂಬದ ಆ ಪೂರ್ವಗ್ರಹಗಳಿಗೆ ತಮ್ಮದೇ ಮತವನ್ನು ಒಪ್ಪಿಸಿಬಿಡುತ್ತಾರೆ.

ಇದರ ಅತಿ ದೊಡ್ಡ ನಷ್ಟ ಆದದ್ದು ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಲಿಜಬೆತ್ ವಾರೆನ್ ಅವರಿಗೆ. ಆ ಕಣದಲ್ಲಿ ಆಡಳಿತಕ್ಕೆ ಅತ್ಯಂತ ಸಿದ್ಧರಾಗಿದ್ದವರು ಅವರೇ. ದಿವಾಳಿತನದ ಕಾನೂನನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದ ಪ್ರಾಧ್ಯಾಪಕಿ. ಮಧ್ಯಮ ವರ್ಗದ ಕುಟುಂಬಗಳು ಆಸ್ಪತ್ರೆಯ ಬಿಲ್ಲಿನಿಂದ ಹೇಗೆ ಮುಳುಗುತ್ತವೆ ಎಂಬುದನ್ನು ನ್ಯಾಯಾಲಯದ ಕಡತಗಳಿಂದಲೇ ತಿಳಿದವರು. 2008ರ ಆರ್ಥಿಕ ಕುಸಿತದ ನಂತರ ಗ್ರಾಹಕರ ಹಣಕಾಸು ರಕ್ಷಣೆಗೆ ಪ್ರತ್ಯೇಕ ಸಂಸ್ಥೆಯೊಂದು ಅಮೆರಿಕ ಸರ್ಕಾರದಲ್ಲಿ ಸ್ಥಾಪನೆಯಾದದ್ದು ಅವರ ಪರಿಕಲ್ಪನೆಯಿಂದ. 5 ಕೋಟಿ ಡಾಲರಿಗೂ ಮೀರಿದ ಆಸ್ತಿಯ ಮೇಲೆ ವರ್ಷಕ್ಕೆ ಶೇಕಡ 2ರ ಸಂಪತ್ತು ತೆರಿಗೆ ವಿಧಿಸಿ, ಆ ಹಣವನ್ನು ಶಿಶುಪಾಲನೆಗೂ ಶಿಕ್ಷಣಕ್ಕೂ ಹೇಗೆ ಹಂಚಬಹುದೆಂದು ಅವರು ಲೆಕ್ಕ ಸಮೇತ ತೋರಿಸಿದರು.

ಲೆಕ್ಕ ತೋರಿಸಿದ್ದೇ ಅವರಿಗೆ ಮುಳುವಾಯಿತು. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಎಂಬ ಯೋಜನೆ ಮೂಲತಃ ಕಣದಲ್ಲಿದ್ದ ಮತ್ತೊಬ್ಬ ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರದು. ಆದರೆ ಅದಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆ ಹೆಚ್ಚಾಗಿ ಎದುರಾದದ್ದು ವಾರೆನ್ ಅವರಿಗೆ. 2019ರ ನವೆಂಬರ್ ಮೊದಲ ದಿನ ಅವರು ಹತ್ತು ವರ್ಷಗಳಲ್ಲಿ 20.5 ಲಕ್ಷ ಕೋಟಿ ಡಾಲರಿನ ಹೊಸ ವೆಚ್ಚವನ್ನು ಮಧ್ಯಮ ವರ್ಗದ ತೆರಿಗೆ ಏರಿಸದೆ ಭರಿಸುವ ಯೋಜನೆಯನ್ನು ಪ್ರಕಟಿಸಿದರು. ಎರಡು ವಾರಗಳಲ್ಲೇ, ಪೂರ್ಣ ಯೋಜನೆಯನ್ನು ಆಡಳಿತದ ಮೂರನೆಯ ವರ್ಷಕ್ಕೆ ಮುಂದೂಡುವುದಾಗಿ ಹೇಳಿದರು. ಈ ಹಿಂಜರಿಕೆ ಅವರ ತಪ್ಪೆಂದು ನಾನು ಒಪ್ಪುತ್ತೇನೆ. ಎಡಪಂಥೀಯರಿಗೆ ಅದು ಕೈಬಿಟ್ಟಂತೆ ಕಂಡಿತು, ಮಧ್ಯಮಪಂಥೀಯರಿಗೆ ಅದು ಸಾಲದೆನಿಸಿತು. ಆದರೆ ಅದೇ ವಿಷಯದಲ್ಲಿ ಅಂಕಿಅಂಶ ಕೊಡಲು ಹೋಗದ ಪುರುಷ ಅಭ್ಯರ್ಥಿಗಳು ಇಷ್ಟು ಬೆಲೆ ತೆರಲಿಲ್ಲ.

ಮಹಿಳೆಯೊಬ್ಬರು ಗೆಲ್ಲಲಾರರು ಎಂದು 2018ರ ಖಾಸಗಿ ಭೇಟಿಯಲ್ಲಿ ಸ್ಯಾಂಡರ್ಸ್ ತಮಗೆ ಹೇಳಿದ್ದರೆಂದು ವಾರೆನ್ ಹೇಳಿದರು. ಸ್ಯಾಂಡರ್ಸ್ ಅದನ್ನು ಸ್ಪಷ್ಟವಾಗಿ ನಿರಾಕರಿಸಿದರು. ಆ ಕೋಣೆಯಲ್ಲಿ ಇದ್ದವರು ಇಬ್ಬರೇ ಆದ್ದರಿಂದ ತೀರ್ಪು ನೀಡುವುದು ನಮ್ಮ ಕೆಲಸವಲ್ಲ. ಆದರೆ ಜನವರಿಯ ಆ ಚರ್ಚೆಯಲ್ಲಿ ವಾರೆನ್ ಕೊಟ್ಟ ಉತ್ತರ ಮಾತ್ರ ನೆನಪಿಡುವಂಥದು. ವೇದಿಕೆಯ ಮೇಲಿರುವ ಪುರುಷರು ಒಟ್ಟು ಹತ್ತು ಚುನಾವಣೆಗಳಲ್ಲಿ ಸೋತಿದ್ದಾರೆ, ನಿಂತ ಪ್ರತಿಯೊಂದು ಚುನಾವಣೆಯನ್ನೂ ಗೆದ್ದವರು ಇಲ್ಲಿರುವ ಇಬ್ಬರು ಮಹಿಳೆಯರು ಮಾತ್ರ ಎಂದು ಅವರು ತಮ್ಮನ್ನೂ ಮಿನ್ನೆಸೋಟದ ಎಮಿ ಕ್ಲೋಬಶಾರ್ ಅವರನ್ನೂ ಉದ್ದೇಶಿಸಿ ಹೇಳಿದರು. ಗೆಲ್ಲುವ ಸಾಮರ್ಥ್ಯವನ್ನು ದಾಖಲೆಯಿಂದ ಅಳೆಯುವುದಾದರೆ ಅದಕ್ಕಿಂತ ನೇರವಾದ ಪುರಾವೆ ಇರಲಿಲ್ಲ.

ಕಮಲಾ ಹ್ಯಾರಿಸ್ ಅವರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅವರ ತಾಯಿ ಶ್ಯಾಮಲಾ ಗೋಪಾಲನ್ ತಮಿಳು ಕುಟುಂಬದಿಂದ ಹೋದವರಾದ್ದರಿಂದ ದಕ್ಷಿಣ ಭಾರತದಲ್ಲೆಲ್ಲ ಹ್ಯಾರಿಸ್ ಅವರ ಪರವಾಗಿ ಒಂದು ಆತ್ಮೀಯತೆ ಇತ್ತು. ಆದರೆ ಅಭ್ಯರ್ಥಿಯನ್ನು ತೂಗುವಾಗ ಅದನ್ನು ಬದಿಗಿಡಬೇಕು. ಮಯಾಮಿಯ ಚರ್ಚೆಯಲ್ಲಿ ಅವರು, ಶಾಲೆಗಳಲ್ಲಿ ವರ್ಣಭೇದ ನೀಗಿಸಲು ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಗಳ ಶಾಲೆಗಳಿಗೆ ಕಳುಹಿಸುವ ವ್ಯವಸ್ಥೆಯನ್ನು 1970ರ ದಶಕದಲ್ಲಿ ವಿರೋಧಿಸಿದ್ದ ಜೋ ಬೈಡನ್ ಅವರನ್ನು ನೇರವಾಗಿ ಪ್ರಶ್ನಿಸಿ, ಅಂಥ ಬಸ್ಸಿನಲ್ಲಿ ಶಾಲೆಗೆ ಹೋದ ಬಾಲಕಿ ತಾನೇ ಎಂದಾಗ ಇಡೀ ದೇಶ ಅವರತ್ತ ತಿರುಗಿತು. ಆದರೆ ಕೆಲವೇ ದಿನಗಳಲ್ಲಿ, ಆ ವ್ಯವಸ್ಥೆ ಇಂದು ಸ್ಥಳೀಯ ಆಡಳಿತಗಳ ಆಯ್ಕೆಗೆ ಬಿಟ್ಟದ್ದೆಂಬ ಧಾಟಿಯಲ್ಲಿ ಮಾತನಾಡಿ, ಬೈಡನ್ ಅವರ ನಿಲುವಿನ ಸಮೀಪಕ್ಕೇ ಬಂದರು. ಖಾಸಗಿ ವಿಮೆಯನ್ನು ರದ್ದು ಮಾಡಬೇಕೇ ಎಂಬ ಪ್ರಶ್ನೆಗೂ ಕೈ ಎತ್ತಿ, ನಂತರ ಪ್ರಶ್ನೆ ತಪ್ಪಾಗಿ ಕೇಳಿಸಿತೆಂದರು. ಅವರಲ್ಲಿ ಪ್ರತಿಭೆಗೆ ಕೊರತೆ ಇರಲಿಲ್ಲ; ತಾನು ಯಾವುದಕ್ಕಾಗಿ ನಿಂತಿದ್ದೇನೆ ಎಂಬ ನಿರ್ಧಾರ ಕಾಣಲಿಲ್ಲ. ಡಿಸೆಂಬರ್ 3ರಂದು, ಹಣವಿಲ್ಲವೆಂದು ಹೇಳಿ, ಅವರು ಹಿಂದೆ ಸರಿದರು.

ಹಣವೇ ಎಲ್ಲವೂ ಆಗಿದ್ದರೆ ನ್ಯೂಯಾರ್ಕಿನ ಮಾಜಿ ಮೇಯರ್ ಮೈಕಲ್ ಬ್ಲೂಮ್‌ಬರ್ಗ್ ಗೆಲ್ಲಬೇಕಿತ್ತು. ನವೆಂಬರ್ ಕೊನೆಯಲ್ಲಿ ಕಣಕ್ಕಿಳಿದ ಅವರು ಮೊದಲ ನಾಲ್ಕು ರಾಜ್ಯಗಳನ್ನು ಬಿಟ್ಟು, ಸ್ವಂತ ಸಂಪತ್ತಿನಿಂದ ದೇಶದ ತುಂಬ ಜಾಹೀರಾತು ಹರಿಸಿದರು. ದೇಣಿಗೆದಾರರ ಸಂಖ್ಯೆಯ ನಿಯಮದಿಂದ ಸಣ್ಣ ಅಭ್ಯರ್ಥಿಗಳನ್ನು ಚರ್ಚೆಯಿಂದ ಹೊರಗಿಟ್ಟಿದ್ದ ಪಕ್ಷ, ಯಾರಿಂದಲೂ ದೇಣಿಗೆ ಪಡೆಯದ ಈ ಶತಕೋಟ್ಯಧೀಶರು ಬಂದಾಗ ಆ ನಿಯಮವನ್ನೇ ಕೈಬಿಟ್ಟಿತು. ಇದು ಅನ್ಯಾಯ, ಇದಕ್ಕೆ ಬೇರೆ ಹೆಸರಿಲ್ಲ. ಫೆಬ್ರವರಿ 19ರಂದು ಲಾಸ್ ವೇಗಸ್‌ನಲ್ಲಿ, ಸುಮಾರು 2 ಕೋಟಿ ಜನ ನೋಡುತ್ತಿದ್ದಾಗ, ಮಹಿಳಾ ಉದ್ಯೋಗಿಗಳ ಬಾಯಿ ಕಟ್ಟಿದ ಗೋಪ್ಯತಾ ಒಪ್ಪಂದಗಳಿಂದ ಅವರನ್ನು ಬಿಡುಗಡೆ ಮಾಡುವಿರಾ ಎಂದು ವಾರೆನ್ ಕೇಳಿದರು. ಬ್ಲೂಮ್‌ಬರ್ಗ್ ಅವರಲ್ಲಿ ಉತ್ತರವಿರಲಿಲ್ಲ. ಹಲವು ರಾಜ್ಯಗಳು ಒಟ್ಟಿಗೆ ಮತ ಹಾಕಿದ ಮಾರ್ಚ್ 3ರಂದು ಅವರು ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ದ್ವೀಪಪ್ರದೇಶ ಒಂದನ್ನೇ.

ಸ್ವಂತ ಹಣ ಸುರಿದು ಪ್ರಾಥಮಿಕ ಚುನಾವಣೆಗೆ ನಿಲ್ಲುವವರ ಕಥೆಯಲ್ಲಿ ನಮ್ಮವರೊಬ್ಬರೂ ಇದ್ದಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಉದ್ಯಮಿ ಶ್ರೀ ಥಾಣೇದಾರ್ 2018ರಲ್ಲಿ ಮಿಷಿಗನ್ ರಾಜ್ಯಪಾಲರ ಹುದ್ದೆಗಾಗಿ ಇದೇ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸಿ ಮೂರನೆಯವರಾದರು. ಮುಂದೆ 2022ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ಆಯ್ಕೆಯಾದರು.

ಇಂಡಿಯಾನಾದ ಸೌತ್ ಬೆಂಡ್ ಎಂಬ, ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರಿನ ಮೇಯರ್ ಆಗಿದ್ದ 38 ವರ್ಷದ ಪೀಟ್ ಬುಟಜೆಜ್ ಮಾತಿನಲ್ಲಿ ಎಲ್ಲರಿಗಿಂತ ಚೊಕ್ಕವಾಗಿದ್ದರು. ತಾನು ಸಲಿಂಗಿ ಎಂಬುದನ್ನು ಮುಚ್ಚಿಡದೆ ಅಷ್ಟು ದೂರ ಬಂದದ್ದು ಐತಿಹಾಸಿಕ ಸಾಧನೆಯೇ. ಆದರೆ ಅವರ ಊರಿನಲ್ಲಿ ಪೊಲೀಸ್ ಗುಂಡಿಗೆ ಕಪ್ಪುವರ್ಣೀಯರೊಬ್ಬರು ಬಲಿಯಾದ ಮೇಲೆ, ಪೊಲೀಸ್ ಪಡೆಯಲ್ಲಿ ಕಪ್ಪುವರ್ಣೀಯರ ಪಾಲು ಏಕೆ ಹೆಚ್ಚಲಿಲ್ಲ ಎಂದು ಕೇಳಿದಾಗ, ತನ್ನಿಂದ ಆಗಲಿಲ್ಲವೆಂದು ಅವರು ಒಪ್ಪಿಕೊಳ್ಳಬೇಕಾಯಿತು. ಪ್ರಾಮಾಣಿಕ ಉತ್ತರ ನಿಜ. ಆದರೂ ಒಂದು ಊರಿನಲ್ಲಿ ಆಗದ್ದು ಇಡೀ ದೇಶದಲ್ಲಿ ಆಗುತ್ತದೆಂದು ನಂಬಲು ಅವರು ಬೇರೆ ಆಧಾರ ಕೊಡಲಿಲ್ಲ. ಫೆಬ್ರವರಿ 3ರ ಅಯೋವಾ ಕಾಕಸ್‌ನಲ್ಲಿ ಅವರು ಪ್ರತಿನಿಧಿಗಳ ಲೆಕ್ಕದಲ್ಲಿ ಕೂದಲೆಳೆಯಷ್ಟು ಮುಂದಿದ್ದರು, ಸ್ಯಾಂಡರ್ಸ್ ಮತಗಳ ಲೆಕ್ಕದಲ್ಲಿ ಮುಂದಿದ್ದರು. ಫಲಿತಾಂಶ ಕಳುಹಿಸುವ ಆ್ಯಪ್ ಕೈಕೊಟ್ಟು ಎಣಿಕೆ ದಿನಗಟ್ಟಲೆ ಎಳೆದಾಡಿತು.

ವರ್ಮಾಂಟ್‌ನ ಸ್ವತಂತ್ರ ಸೆನೆಟರ್ ಬರ್ನಿ ಸ್ಯಾಂಡರ್ಸ್ ಕಣದ ಅತ್ಯಂತ ಸ್ಥಿರ ಮನುಷ್ಯ. ದಶಕಗಳಿಂದ ಹೇಳಿದ್ದನ್ನೇ ಹೇಳುತ್ತ ಬಂದವರು, ಇರಾಕ್ ಯುದ್ಧದ ನಿರ್ಣಯಕ್ಕೆ ಬೈಡನ್ ಮತ ಹಾಕಿದಾಗ ವಿರುದ್ಧ ಮತ ಹಾಕಿದವರು. 2019ರ ಅಕ್ಟೋಬರಿನಲ್ಲಿ ಹೃದಯಾಘಾತವಾದ ಮೇಲೂ ಮರಳಿ ಬಂದರು, ಸಣ್ಣ ಸಣ್ಣ ದೇಣಿಗೆಗಳಿಂದಲೇ ಪ್ರಚಾರ ನಡೆಸಿದರು. ಕನಿಷ್ಠ ವೇತನ, ಕಾಲೇಜು ಸಾಲ, ಆರೋಗ್ಯ ವಿಮೆ ಇವೆಲ್ಲ ಪಕ್ಷದ ಮುಖ್ಯ ಚರ್ಚೆಗೆ ಬಂದದ್ದರಲ್ಲಿ ಅವರ ಪಾಲು ಎಲ್ಲರಿಗಿಂತ ಹೆಚ್ಚು. ಆದರೆ ನೆವಾಡಾದಲ್ಲಿ ಭಾರಿ ಅಂತರದಿಂದ ಗೆದ್ದ ಮೇಲೆ, ತಮ್ಮನ್ನು ಕಂಡು ಹೆದರಿದ್ದ ಪಕ್ಷದ ಮಧ್ಯಮಪಂಥೀಯರ ಕಡೆಗೆ ಅವರು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮರುದಿನವೇ ಪ್ರಸಾರವಾದ ಸಂದರ್ಶನದಲ್ಲಿ ಕ್ಯೂಬಾದ ಸಾಕ್ಷರತಾ ಕಾರ್ಯಕ್ರಮವನ್ನು ಹೊಗಳಿದ್ದು, ಹೇಳಿದ್ದು ಸುಳ್ಳಲ್ಲದಿದ್ದರೂ, ಫ್ಲಾರಿಡಾದ ಕ್ಯೂಬನ್ ಮೂಲದ ಕುಟುಂಬಗಳ ನೋವನ್ನು ಅರಿಯದ ಮಾತಾಗಿತ್ತು.

ಇನ್ನು ಜೋ ಬೈಡನ್. ಇದು ಅವರ ಮೂರನೆಯ ಪ್ರಯತ್ನ. 1988ರ ಹಾಗೂ 2008ರ ಚುನಾವಣೆಗಳಿಗೆ ನಿಂತು ಎರಡು ಬಾರಿಯೂ ಬೇಗನೆ ಹಿಂದೆ ಸರಿದಿದ್ದರು. ಈ ಬಾರಿ ಅಯೋವಾದಲ್ಲಿ ನಾಲ್ಕನೆಯ, ನ್ಯೂಹ್ಯಾಂಪ್‌ಶೈರ್‌ನಲ್ಲಿ ಐದನೆಯ ಸ್ಥಾನ. ಚರ್ಚೆಗಳಲ್ಲಿ ವಾಕ್ಯಗಳು ಅರ್ಧಕ್ಕೇ ತುಂಡಾಗುತ್ತಿದ್ದವು. ಅವರನ್ನು ಉಳಿಸಿದ್ದು ಸೌತ್ ಕ್ಯಾರೊಲಿನ. ಅಲ್ಲಿ ಡೆಮಾಕ್ರಟಿಕ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕಪ್ಪುವರ್ಣೀಯರು. ಮತದಾನಕ್ಕೆ ಮೂರು ದಿನ ಮೊದಲು ಅವರ ಹಿರಿಯ ನಾಯಕ ಜಿಮ್ ಕ್ಲೈಬರ್ನ್, ಜೋ ನಮಗೆ ಗೊತ್ತು, ಜೋಗೆ ನಾವೂ ಗೊತ್ತು ಎಂಬರ್ಥದ ಮಾತಿನಿಂದ ಬೆಂಬಲ ಸಾರಿದರು. ಫೆಬ್ರವರಿ 29ರಂದು ಬೈಡನ್ ಸುಮಾರು ಶೇಕಡ 49 ಮತ ಪಡೆದರು. ಎರಡೇ ದಿನಗಳಲ್ಲಿ ಬುಟಜೆಜ್, ಕ್ಲೋಬಶಾರ್ ಇಬ್ಬರೂ ಹಿಂದೆ ಸರಿದು ಅವರ ಜೊತೆ ನಿಂತರು. ಮಾರ್ಚ್ 3ರಂದು ಮತದಾನ ನಡೆದ ಹದಿನಾಲ್ಕು ರಾಜ್ಯಗಳಲ್ಲಿ ಹತ್ತು ಅವರ ಪಾಲಾದವು. ವಾರೆನ್ ತಮ್ಮ ತವರು ರಾಜ್ಯದಲ್ಲೇ ಮೂರನೆಯವರಾದರು.

ಸೌತ್ ಕ್ಯಾರೊಲಿನದ ಕಪ್ಪುವರ್ಣೀಯ ಮತದಾರರು ಭಯದಿಂದ ಮತ ಹಾಕಿದರು ಎಂದು ಕೆಲವರು ಬರೆದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಶ್ವೇತವರ್ಣೀಯರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬದುಕಿನ ಅನುಭವದಿಂದ ಬಲ್ಲವರು ಅವರು; ಅವರದು ಊಹೆಯಲ್ಲ, ಅರಿವು. ಬರಾಕ್ ಒಬಾಮ ಅವರ ಅಡಿಯಲ್ಲಿ ಎಂಟು ವರ್ಷ ನಿಷ್ಠೆಯಿಂದ ದುಡಿದ ವ್ಯಕ್ತಿಯ ಮೇಲೆ ಅವರಿಟ್ಟ ವಿಶ್ವಾಸಕ್ಕೆ ಆಧಾರವಿತ್ತು. ನನ್ನ ತಕರಾರು ಅದಕ್ಕೂ ಮೊದಲಿನದು. ಸುಮಾರು ಶೇಕಡ 90ರಷ್ಟು ಶ್ವೇತವರ್ಣೀಯರಿರುವ ಅಯೋವಾ ಮತ್ತು ನ್ಯೂಹ್ಯಾಂಪ್‌ಶೈರ್‌ಗಳ ಮೇಲೆ ಕಣ್ಣಿಟ್ಟು, ವರ್ಷವಿಡೀ ಊಹೆಗಳ ಮೇಲೆ ಊಹೆ ಕಟ್ಟಿದ ಪಕ್ಷವು, ಈ ಮತದಾರರ ಸರದಿ ಬರುವ ಹೊತ್ತಿಗೆ ಆಯ್ಕೆಗಳನ್ನೇ ಕಿರಿದು ಮಾಡಿಟ್ಟಿತ್ತು.

ಬೈಡನ್ ನವೆಂಬರಿನಲ್ಲಿ ಗೆದ್ದರು. ಆದ್ದರಿಂದ ಅಳತೆಗೋಲು ಸರಿಯಾಗಿತ್ತೆಂದು ಹೇಳುವವರಿದ್ದಾರೆ. ಆದರೆ ಅಂದು 77 ವರ್ಷದವರನ್ನು ಆರಿಸಿದವರು ನಾಲ್ಕು ವರ್ಷಗಳ ನಂತರ ಏನಾಗುವುದೆಂದು ಕೇಳಿಕೊಂಡಿರಲಿಲ್ಲ. 2024ರಲ್ಲಿ ಪಕ್ಷ ಸೌತ್ ಕ್ಯಾರೊಲಿನವನ್ನೇ ಮೊದಲ ಅಧಿಕೃತ ಮತದಾನದ ರಾಜ್ಯವಾಗಿ ಮಾಡಿತು, ಅದು ಒಳ್ಳೆಯ ನಿರ್ಧಾರವೇ. ಆದರೆ ಆ ವರ್ಷ ಅಲ್ಲಿ ಹೆಸರಿಗೆ ಮಾತ್ರ ಸ್ಪರ್ಧೆ ಇತ್ತು. ಜುಲೈ 21ರಂದು ಬೈಡನ್ ಹಿಂದೆ ಸರಿದಾಗ, 2019ರಲ್ಲಿ ಅಯೋವಾ ತಲುಪುವ ಮೊದಲೇ ಕಣ ಬಿಟ್ಟಿದ್ದ ಕಮಲಾ ಹ್ಯಾರಿಸ್ ಒಂದು ಪ್ರಾಥಮಿಕ ಮತದಾನವನ್ನೂ ಎದುರಿಸದೆ ಅಭ್ಯರ್ಥಿಯಾದರು; ಮತದಾನಕ್ಕೆ ಉಳಿದದ್ದು 107 ದಿನ. ಅಭ್ಯರ್ಥಿಗಳಿಗೆ ಆಡಳಿತದ ಪ್ರಶ್ನೆಗಳನ್ನು ಕೇಳಿ, ಉತ್ತರ ಸಾಲದಿದ್ದರೆ ಮತ್ತೊಮ್ಮೆ ಕೇಳಿ ಆರಿಸಲು 2023ರಲ್ಲೇ ಸಮಯವಿತ್ತು. ಆ ಅವಕಾಶವನ್ನು ಮತದಾರರಿಗೆ ಕೊಡದಿದ್ದುದು ಪಕ್ಷದ ನಾಯಕತ್ವದ ತಪ್ಪು.

ನಮಸ್ಕಾರ.