ಕಡಿಮೆ ಬೆಲೆಯ ಡಿಜಿಟಲ್ ರಿಸೀವರ್ ಯಾಕೆ ಮಾಯವಾಯ್ತು?

ನಮಸ್ಕಾರ. ಇವತ್ತು ಈಗ ಅಂಗಡಿಯಲ್ಲಿ ಸಿಗದ ಒಂದು ಡಬ್ಬಿಯ, ಅಂದರೆ ಸಿಡಿ, ಟಿವಿಯ ಧ್ವನಿಯನ್ನು ದೊಡ್ಡದು ಮಾಡಿ ಸ್ಪೀಕರ್‌ಗೆ ಕೊಡುವ ಒಂದು ಜಾತಿಯ ರಿಸೀವರ್‌ನ, ಪರವಾಗಿ ಮಾತಾಡೋಣ ಅಂತ ಕೂತಿದ್ದೇನೆ.

2000ರ ದಶಕದಲ್ಲಿ ಪ್ಯಾನಸೋನಿಕ್ ಕಂಪನಿ ಎಸ್‌ಎ-ಎಕ್ಸ್‌ಆರ್ ಅನ್ನೋ ಸಾಲಿನ ರಿಸೀವರ್‌ಗಳನ್ನು ಮಾಡುತ್ತಿತ್ತು. ಎಕ್ಸ್‌ಆರ್25, ಎಕ್ಸ್‌ಆರ್45, ಎಕ್ಸ್‌ಆರ್55, ಎಕ್ಸ್‌ಆರ್57. ತೆಳ್ಳಗಿನ ಡಬ್ಬಿ, ಒಂದೇ ಕೈಯಲ್ಲಿ ಎತ್ತಬಹುದು. ಬೆಲೆ ಸಾಮಾನ್ಯ ಜನರ ಕೈಗೆಟುಕುವಂಥದ್ದು. ಆದರೆ ಒಳಗಿದ್ದದ್ದು ಅದಕ್ಕೂ ಸ್ವಲ್ಪ ಹಿಂದೆ ಶ್ರೀಮಂತರು ಮಾತ್ರ ಕೊಳ್ಳಬಹುದಾಗಿದ್ದ ತಂತ್ರಜ್ಞಾನ.

ಅದರ ಕಥೆ ಹೀಗೆ. 1990ರ ದಶಕದ ಕೊನೆಯಲ್ಲಿ ಟ್ಯಾಕ್ಟ್ ಮಿಲೇನಿಯಂ ಅಂತ ಒಂದು ಆಂಪ್ಲಿಫೈಯರ್ ಬಂತು. ಭಾರೀ ದುಬಾರಿ. ಅದರ ಒಳಗಿನ ಈಕ್ವಿಬಿಟ್ ಅನ್ನೋ ವಿಧಾನ ಡೆನ್ಮಾರ್ಕ್‌ನ ಟೊಕಾಟಾ ಟೆಕ್ನಾಲಜಿಯದು. 2000ದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಆ ಕಂಪನಿಯನ್ನೇ ಕೊಂಡುಕೊಂಡು, ಅದೇ ವಿದ್ಯೆಯನ್ನು ಚಿಪ್‌ಗೆ ಇಳಿಸಿತು. ಕೆಲವೇ ವರ್ಷಗಳಲ್ಲಿ ಅದು ಪ್ಯಾನಸೋನಿಕ್‌ನ ಅಗ್ಗದ ರಿಸೀವರ್ ಒಳಗೆ ಕೂತಿತ್ತು. ಸೋನಿ ಎಸ್-ಮಾಸ್ಟರ್ ಅನ್ನೋ ತನ್ನದೇ ಡಿಜಿಟಲ್ ಆಂಪ್ಲಿಫೈಯರ್ ಮಾಡಿಕೊಂಡಿತ್ತು. ದುಬಾರಿ ವಿದ್ಯೆ ಇಷ್ಟು ಬೇಗ ಎಲ್ಲರ ಮನೆಗೆ ಬರೋದು ಆಡಿಯೋ ಲೋಕದಲ್ಲಿ ತೀರಾ ಅಪರೂಪ.

ಅದರಲ್ಲಿ ಅಂಥದ್ದೇನಿತ್ತು? ಮಾಮೂಲಿ ರಿಸೀವರ್ ಏನು ಮಾಡುತ್ತೆ ನೋಡಿ. ಸಿಡಿಯಲ್ಲಿ ಹಾಡು ಅಂಕಿಗಳ ರೂಪದಲ್ಲಿರುತ್ತೆ, ಸೆಕೆಂಡಿಗೆ ಎಡಕ್ಕೆ 44,100 ಅಂಕಿ, ಬಲಕ್ಕೂ ಅಷ್ಟೇ. ಅದನ್ನು ಮೊದಲು ಡ್ಯಾಕ್ ಅನ್ನೋ ಚಿಪ್ ಅನಲಾಗ್, ಅಂದರೆ ಅಲೆಯಂತೆ ಏರಿಳಿಯುವ ಸಿಗ್ನಲ್, ಮಾಡುತ್ತೆ. ಆಮೇಲೆ ಆ ಸಣ್ಣ ಸಿಗ್ನಲ್ಲನ್ನು ಟ್ರಾನ್ಸಿಸ್ಟರ್‌ಗಳು ದೊಡ್ಡದು ಮಾಡುತ್ತವೆ. ಕ್ಲಾಸ್ ಎಬಿ ಅನ್ನೋ ಈ ಹಳೆಯ ಪದ್ಧತಿಯಲ್ಲಿ ಸಿಗ್ನಲ್ ದಾಟಿಸುವಾಗ ಟ್ರಾನ್ಸಿಸ್ಟರ್ ಪೂರ್ತಿ ತೆರೆದೂ ಇರಲ್ಲ, ಪೂರ್ತಿ ಮುಚ್ಚಿಯೂ ಇರಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸಿದ ಹಾಗೆ. ಕರೆಂಟಿನ ಒಂದು ದೊಡ್ಡ ಪಾಲು ಬಿಸಿಯಾಗಿ ಹೋಗುತ್ತೆ. ಅದಕ್ಕೇ ಬಿಸಿ ಹೊರಹಾಕುವ ಆ ದಪ್ಪ ಹೀಟ್‌ಸಿಂಕ್, ಆ ಭಾರದ ಟ್ರಾನ್ಸ್‌ಫಾರ್ಮರ್.

ಎಕ್ಸ್‌ಆರ್ ಡಬ್ಬಿಯಲ್ಲಿ ಈ ಸುತ್ತುದಾರಿಯೇ ಇಲ್ಲ. ಚಿಪ್ ಅಂಕಿಗಳನ್ನು ನೇರವಾಗಿ ಪಲ್ಸ್‌ಗಳಾಗಿ, ಅಂದರೆ ಆನ್-ಆಫ್ ಮಿಡಿತಗಳಾಗಿ, ಬದಲಿಸುತ್ತೆ. ಕೆಲವು ಪಲ್ಸ್ ಅಗಲ, ಕೆಲವು ಸಣ್ಣ. ಸಿಡಿ ಹಾಕಿದರೆ ಸೆಕೆಂಡಿಗೆ ಸುಮಾರು ಮೂರೂವರೆ ಲಕ್ಷ ಪಲ್ಸ್. ಟ್ರಾನ್ಸಿಸ್ಟರ್‌ಗೆ ಎರಡೇ ಕೆಲಸ: ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಕೊನೆಯಲ್ಲಿ ಒಂದು ತಾಮ್ರದ ಕಾಯಿಲ್, ಒಂದು ಕೆಪಾಸಿಟರ್. ಈ ಎರಡೂ ಸೇರಿ ಪಲ್ಸ್‌ಗಳ ಗದ್ದಲವನ್ನು ಸೋಸಿ ಹಾಡನ್ನು ಮಾತ್ರ ಸ್ಪೀಕರ್‌ಗೆ ಬಿಡುತ್ತವೆ. ಬೇರೆ ಡ್ಯಾಕ್ ಬೇಕಾಗಿಯೇ ಇಲ್ಲ. ಮುಚ್ಚಳ ತೆಗೆದು ನೋಡಿದರೆ ಸಾಲಾಗಿ ಕೂತ ಕಾಯಿಲ್‌ಗಳು ಕಾಣುತ್ತವೆ. ಈ ಪದ್ಧತಿ ಸುಮಾರು ಶೇ. 90ರಷ್ಟು ಕರೆಂಟನ್ನು ಸ್ಪೀಕರ್‌ಗೇ ಮುಟ್ಟಿಸಬಲ್ಲದು.

ಕೊರತೆ ಇರಲಿಲ್ಲ ಅಂತಲ್ಲ. ಕಾಯಿಲ್-ಕೆಪಾಸಿಟರ್ ಜೋಡಿ ಎಲ್ಲ ಸ್ಪೀಕರ್ ಜೊತೆಗೂ ಒಂದೇ ರೀತಿ ನಡೆದುಕೊಳ್ಳಲ್ಲ. ಸ್ಪೀಕರ್‌ನ ಇಂಪೀಡೆನ್ಸ್, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಬದಲಾದರೆ ತಾರಕ ಸ್ವರಗಳು ಸ್ವಲ್ಪ ಹೆಚ್ಚು ಕಡಿಮೆಯಾಗುತ್ತವೆ. ಪವರ್ ಸಪ್ಲೈ ಶುದ್ಧವಾಗಿಲ್ಲದಿದ್ದರೆ ಅದರ ಕೊಳೆ ಹಾಡಿಗೂ ಹತ್ತುತ್ತೆ. ರೆಕಾರ್ಡ್ ಪ್ಲೇಯರ್‌ನಂಥ ಅನಲಾಗ್ ಸಾಧನ ಜೋಡಿಸಿದರೆ ಅದನ್ನು ಮೊದಲು ಅಂಕಿಗೆ ತಿರುಗಿಸಲೇಬೇಕು. ಆದರೂ ಆ ಬೆಲೆಗೆ ಅಷ್ಟು ಸ್ವಚ್ಛವಾದ ಧ್ವನಿ ಕೊಡುವ ರಿಸೀವರ್ ಹುಡುಕೋದು ಕಷ್ಟವಿತ್ತು. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಹಾಗಾದರೆ ಅದನ್ನು ಕೊಂದದ್ದು ಯಾವುದು? ಧ್ವನಿ ಅಲ್ಲ. ಹಿಂದುಗಡೆಯ ಸಾಕೆಟ್.

2006ರಲ್ಲಿ ಬ್ಲೂ-ರೇ ಬಂತು. ಅದೇ ವರ್ಷ, ಚಿತ್ರ ಮತ್ತು ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸುವ ಎಚ್‌ಡಿಎಂಐನ 1.3 ಆವೃತ್ತಿ ಬಂತು. ಬ್ಲೂ-ರೇಯ ಹೊಸ ಧ್ವನಿ ರೂಪಗಳಾದ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಬೆಳಕಿನಲ್ಲಿ ಧ್ವನಿ ಸಾಗಿಸುವ ಹಳೆಯ ಆಪ್ಟಿಕಲ್ ತಂತಿಯಲ್ಲಿ ಹೋಗಲ್ಲ, ಅಷ್ಟು ಜಾಗ ಅದರಲ್ಲಿಲ್ಲ. ಒಳಗಿನ ಆಂಪ್ಲಿಫೈಯರ್ ಗಟ್ಟಿಮುಟ್ಟಾಗಿದ್ದರೂ ಆಪ್ಟಿಕಲ್ ನಂಬಿದ್ದ ರಿಸೀವರ್ ರಾತ್ರೋರಾತ್ರಿ ಹಳೇ ಸಾಮಾನಾಯ್ತು. ಆಮೇಲೆ 3ಡಿ, 4ಕೆ, ಹೊಸ ಕಾಪಿ ರಕ್ಷಣೆ. ಎಚ್‌ಡಿಎಂಐ ತಂತಿ ರಿಸೀವರ್ ಮೂಲಕ ಟಿವಿಗೆ ಹೋಗುತ್ತಿದ್ದರಿಂದ ಪ್ರತಿ ಸಲವೂ ಹೊಸ ವಿಡಿಯೋ ಚಿಪ್, ಅದರ ಮೇಲೆ ಲೈಸೆನ್ಸ್ ಶುಲ್ಕ. ಅಗ್ಗದ ರಿಸೀವರ್‌ನ ಬಜೆಟ್ಟೆಲ್ಲ ಚಿತ್ರ ದಾಟಿಸೋದಕ್ಕೇ ಹೋಯ್ತು. ಧ್ವನಿಯ ಭಾಗಕ್ಕೆ ಎಲ್ಲರಿಗೂ ಗೊತ್ತಿದ್ದ ಹಳೇ ಕ್ಲಾಸ್ ಎಬಿ ಸಾಕು ಅನ್ನಿಸಿಕೊಂಡಿತು. ಪ್ಯಾನಸೋನಿಕ್ ಎಕ್ಸ್‌ಆರ್ ಸಾಲನ್ನೇ ನಿಲ್ಲಿಸಿತು. ಬೇರೆ ದಾರಿಯಲ್ಲಿ ಅಗ್ಗದ, ಒಳ್ಳೆಯ ಆಂಪ್ಲಿಫೈಯರ್ ಚಿಪ್ ಮಾಡುತ್ತಿದ್ದ ಟ್ರೈಪಾತ್ ಕಂಪನಿ 2007ರಲ್ಲಿ ದಿವಾಳಿ ಎದ್ದಿತು.

ಜನರ ನಂಬಿಕೆಯೂ ಇದಕ್ಕೆ ಸಹಾಯ ಮಾಡಲಿಲ್ಲ. ಭಾರ ಇದ್ದರೆ ಗಟ್ಟಿ ಮಾಲು, ಹಗುರ ಇದ್ದರೆ ಏನೋ ಕಡಿಮೆ ಹಾಕಿದ್ದಾರೆ ಅನ್ನೋ ಲೆಕ್ಕ. ಬಿಸಿ ಮಾಡಿ ಕರೆಂಟು ಪೋಲು ಮಾಡದಿರೋದೇ ಈ ಡಬ್ಬಿಯ ಹೆಗ್ಗಳಿಕೆ ಅಂತ ಅಂಗಡಿಯವರೂ ಹೇಳಲಿಲ್ಲ.

ಈಗ ಸೌಂಡ್‌ಬಾರ್ ಕಾಲ. ಅದರ ಒಳಗಿರೋದೂ ಆನ್-ಆಫ್ ಆಗೋ ಇದೇ ಜಾತಿಯ ಆಂಪ್ಲಿಫೈಯರ್. ಬ್ಲೂಟೂತ್ ಸ್ಪೀಕರ್‌ನಲ್ಲೂ ಅದೇ, ಟಿವಿಯಲ್ಲೂ ಅದೇ. ಅಂದರೆ ತಂತ್ರಜ್ಞಾನ ಎಲ್ಲೂ ಸೋಲಲಿಲ್ಲ. ಕಳೆದುಹೋದದ್ದು ಸ್ಪೀಕರ್ ಟರ್ಮಿನಲ್. ನನಗೆ ಸಿಟ್ಟು ಬರೋದು ಅಲ್ಲೇ. ಇಷ್ಟವಾದ ಸ್ಪೀಕರ್ ತಂದು, ಕೆಂಪು ಕಪ್ಪು ತಂತಿ ಸಿಕ್ಕಿಸಿ, ಇವತ್ತು ಎರಡು, ನಾಳೆ ದುಡ್ಡು ಕೂಡಿದಾಗ ಐದು ಅಂತ ಬೆಳೆಸಿಕೊಂಡು ಹೋಗುವ ಅವಕಾಶ ಸಾಮಾನ್ಯರ ಕೈ ತಪ್ಪಿತು. ಸೌಂಡ್‌ಬಾರ್‌ನ ಬೋರ್ಡ್ ಕೆಟ್ಟರೆ ಚೆನ್ನಾಗಿರೋ ಸ್ಪೀಕರ್‌ಗಳೂ ಅದರ ಜೊತೆಗೇ ಕಸಕ್ಕೆ ಹೋಗುತ್ತವೆ, ಅಲ್ವಾ?

ಒಂದು ವಿಷಯ ಯಾಕೆ ಯಾರೂ ಗಮನಿಸುತ್ತಿಲ್ಲವೋ ಗೊತ್ತಿಲ್ಲ. ಆ ಡಬ್ಬಿಯನ್ನು ಕೊಂದ ಕಾರಣ ಈಗ ಇಲ್ಲವೇ ಇಲ್ಲ. ಇವತ್ತು ಎಲ್ಲ ಸಾಧನಗಳನ್ನೂ ನೇರ ಟಿವಿಗೇ ಜೋಡಿಸಬಹುದು. ಇಆರ್ಕ್ ಅನ್ನೋ ಎಚ್‌ಡಿಎಂಐ ಸೌಲಭ್ಯ ಇರುವ ಟಿವಿ ಚಿತ್ರವನ್ನು ತಾನಿಟ್ಟುಕೊಂಡು ಧ್ವನಿಯನ್ನು ಮಾತ್ರ ಎಚ್‌ಡಿಎಂಐ ತಂತಿಯಲ್ಲಿ ಹೊರಗೆ ಕೊಡಬಲ್ಲದು, ಟ್ರೂಎಚ್‌ಡಿ ಸಮೇತ. ರಿಸೀವರ್ ವಿಡಿಯೋ ಮುಟ್ಟಬೇಕಾಗಿಯೇ ಇಲ್ಲ. ಒಂದು ಇಆರ್ಕ್, ಒಂದು ಆಪ್ಟಿಕಲ್, ಐದು ಜೋಡಿ ಸ್ಪೀಕರ್ ಟರ್ಮಿನಲ್, ಒಂದು ಸಬ್‌ವೂಫರ್ ಔಟ್. ಇಷ್ಟು ಸಾಕು. ಎರಡು ಚಾನಲ್ಲಿನಲ್ಲಿ ಇಂಥ ಸಣ್ಣ ಡಬ್ಬಿಗಳು ಮತ್ತೆ ಬರ್ತಾ ಇವೆ. 2023ರಲ್ಲಿ ಬಂದ ವಿಮ್ ಆಂಪ್‌ನಲ್ಲಿ ಎಚ್‌ಡಿಎಂಐ ಆರ್ಕ್ (ಇಆರ್ಕ್‌ನ ಹಿಂದಿನ ರೂಪ) ಕೂಡ ಇದೆ, ಸ್ಪೀಕರ್ ಟರ್ಮಿನಲ್ಲೂ ಇದೆ. ಅಂಕಿಯಿಂದ ನೇರ ಪಲ್ಸ್ ಮಾಡುವ ಪೂರ್ಣ ಡಿಜಿಟಲ್ ದಾರಿಯನ್ನು ಲಿಂಗ್‌ಡಾರ್ಫ್‌ನಂಥ ದುಬಾರಿ ಕಂಪನಿಗಳು ಉಳಿಸಿಕೊಂಡಿವೆ. ಐದು ಚಾನಲ್ಲಿನ ಅಗ್ಗದ ಡಬ್ಬಿಗೂ ಯಾವುದಾದರೂ ಕಂಪನಿ ಕೈ ಹಾಕಬೇಕು. ನಾನಂತೂ ಕೇಳುತ್ತಲೇ ಇರುತ್ತೇನೆ.

ಅಲ್ಲಿವರೆಗೆ, ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಎಕ್ಸ್‌ಆರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಟಿವಿಯ ಹಿಂದೆ ಆಪ್ಟಿಕಲ್ ಸಾಕೆಟ್ ಇದ್ದರೆ ಅಲ್ಲಿಂದ ತಂತಿ ಎಳೆಯಿರಿ. ಟಿವಿಯ ಸೌಂಡ್ ಮೆನುವಿಗೆ ಹೋಗಿ ಡಿಜಿಟಲ್ ಔಟ್‌ಪುಟ್‌ಗೆ ಡಾಲ್ಬಿ ಡಿಜಿಟಲ್ ಆಯ್ಕೆ ಮಾಡಿ, ಎರಡೇ ಸ್ಪೀಕರ್ ಇದ್ದರೆ ಪಿಸಿಎಂ. ಆನ್ ಮಾಡಿದಾಗ ಗುಂಯ್ ಅನ್ನೋ ಸದ್ದು ಬಂದರೆ ಗಾಬರಿ ಬೇಡ, ರಿಪೇರಿ ಗೊತ್ತಿರುವವರ ಹತ್ತಿರ ಮೊದಲು ಪವರ್ ಸಪ್ಲೈ ಕೆಪಾಸಿಟರ್ ನೋಡಿಸಿ.