ಗಾಳಿಮರದ ಊರಿನಲ್ಲಿ ಜುನಿಪರ್ ಮಾತು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನ ಮಕ್ಕಳೇ, ಈ ಡಬ್ಬಿ ಕೈಯಿಂದ ಕೈಗೆ ಹೋಗಲಿ. ಒಳಗೆ ಒಂಬತ್ತು ಜುನಿಪರ್ ಕಾಯಿ ಇವೆ. ಮೂಸಿ ನೋಡಿ, ತಿನ್ನಬೇಡಿ.

ಮೊನ್ನೆ ನಮ್ಮ ಕಡಲತೀರದಲ್ಲಿ ಒಬ್ಬ ಪ್ರವಾಸಿ ಗಾಳಿಮರದ ಕೆಳಗೆ ನಿಂತು, 'ಇಲ್ಲಿ ಜುನಿಪರ್ ತೋಪೇ ಇದೆ' ಅಂತ ಫೋನಿನಲ್ಲಿ ಯಾರಿಗೋ ವರದಿ ಒಪ್ಪಿಸ್ತಾ ಇದ್ದರು. ಹೊಟ್ಟೆ ಉರಿಯಿತು. ಗಾಳಿಮರವನ್ನು 1868ರ ಹೊತ್ತಿಗೆ ಸೌದೆಗೆಂದು ಕಾರವಾರಕ್ಕೆ ತಂದು ನೆಟ್ಟರು. ಅದು ಹೂ ಬಿಡುವ ಮರ. ಸೂಜಿಯೆಲೆ ಅಂದುಕೊಳ್ತೀವಲ್ಲ, ಅದು ಎಲೆಯೇ ಅಲ್ಲ, ಹಸಿರು ಕಡ್ಡಿ. ಗಂಟಿನಲ್ಲಿ ಮುರಿದು ಲೆನ್ಸ್ ಹಿಡಿದರೆ ಸುತ್ತಲೂ ಹಲ್ಲಿನಂತೆ ಕಾಣೋದೇ ಎಲೆ. ಹೆಸರು ಹೇಳೋ ಮೊದಲು ಮುರಿದು ನೋಡಿ!

ಜುನಿಪರ್‌ಗೆ ಹೂವೇ ಇಲ್ಲ. ಪೈನ್, ದೇವದಾರುಗಳ ಹಾಗೆ ಶಂಕು, ಅಂದರೆ ಹುರುಪೆಗಳ ನಡುವೆ ಬೀಜ ಕಟ್ಟುವ ಕೋನ್, ಬಿಡುವ ಮರ, ಸೈಪ್ರೆಸ್ ಕುಟುಂಬದ್ದು. ಹಿಮಾಚಲದ ಲಾಹೌಲದಲ್ಲಿ ಕಾಣುವ ಮರಜುನಿಪರ್‌ಗೆ ಎಳೆಯದರಲ್ಲಿ ಚುಚ್ಚುವ ಎಲೆ, ದೊಡ್ಡದಾದ ಮೇಲೆ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಒತ್ತಿಕೊಂಡ ಪುಟಾಣಿ ಎಲೆ. ಮೀನಿನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲೆ ಅಷ್ಟು ಚಿಕ್ಕದಾದ್ದರಿಂದಲೇ ಒಣಗಾಳಿಗೆ ನೀರು ಕಳೆದುಕೊಳ್ಳೋದು ಕಡಿಮೆ.

ಈಗ ಆ ಕಾಯಿಗೆ ಬರೋಣ. ಬೆರ್ರಿ ಅಂತಾರೆ, ಸುಳ್ಳು. ಶಂಕುವಿನ ಹುರುಪೆಗಳೇ ಮೈ ತುಂಬಿಕೊಂಡು ಒಂದಕ್ಕೊಂದು ಬೆಸೆದದ್ದು ಅದು. ಮೇಲಿನ ಬಿಳಿ ಪುಡಿ ಮೇಣ. ನಮ್ಮ ಗೇರುಹಣ್ಣೂ ಇದೇ ಜಾತಿಯ ಸುಳ್ಳು: ರಸ ಹೀರಿ ತಿನ್ನೋದು ತೊಟ್ಟು, ನಿಜವಾದ ಹಣ್ಣು ಕೆಳಗೆ ಜೋತಾಡುವ ಗೇರುಬೀಜ. ಒಂದು ಸುಳ್ಳುಹಣ್ಣಿನಿಂದ ಗೋವಾದವರು ಫೆನಿ ಇಳಿಸಿದರು, ಇನ್ನೊಂದರಿಂದ ಯುರೋಪಿನವರು ಜಿನ್ ಎಂಬ ಮದ್ಯಕ್ಕೆ ಪರಿಮಳ ಕಟ್ಟಿದರು. ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟಿ ಬಂದವರು ಸುಮ್ಮನೆ ನಗಬೇಡಿ! ಆಯುರ್ವೇದದ ಹಪುಷಾ ಕೂಡ ಜುನಿಪರೇ.

ನಾನೂ ಒಂದು ತಪ್ಪು ಮಾಡಿದ್ದೇನೆ. ಕುಲು ಕಡೆಯಿಂದ ಒಂದು ಸಸಿಯನ್ನು ರೈಲಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದೆ. ಟಿಕೆಟ್ ತಪಾಸಣೆಯವರು ಕೂಡ ಅದರ ಯೋಗಕ್ಷೇಮ ಕೇಳಿದರು. ಆಯಿ ಅದನ್ನು ತುಳಸಿಕಟ್ಟೆಯ ಪಕ್ಕ ಇಟ್ಟು ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಹೊಯ್ದರು. ಜೂನಿನ ಮಳೆ ಹಿಡಿಯಿತು. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೆ ಹತ್ತಿರ ಸುರಿಯುತ್ತದೆ. ಜುನಿಪರ್ ಬೆಳೆಯುವ ಲಾಹೌಲವೋ, ರೋಹ್ತಂಗ್ ಕಣಿವೆದಾರಿಯ ಆಚೆಗಿನ ಮಳೆಯ ನೆರಳಿನ ನಾಡು, ಮುಂಗಾರು ಅಲ್ಲಿಗೆ ತಲುಪೋ ಹೊತ್ತಿಗೆ ಸುಸ್ತು. ಸಸಿಯ ತುದಿ ಕೆಂಪಾಯಿತು. ಒಣಗ್ತಾ ಇದೆ ಅಂತ ಆಯಿ ಇನ್ನೊಂದು ತಂಬಿಗೆ ಹೊಯ್ದರು. ಕಿತ್ತು ನೋಡಿದರೆ ಬೇರು ಕೊಳೆತಿತ್ತು. 'ಪಾಪ, ಅದಕ್ಕೆ ನೆಗಡಿ ಆಗಿತ್ತು ಕಾಣ್ತದೆ' ಅಂದರು ಆಯಿ. ಸಸ್ಯಶಾಸ್ತ್ರ ಓದಿದ ನನಗೆ ಅದಕ್ಕಿಂತ ಒಳ್ಳೆಯ ವರದಿ ಬರೆಯಲು ಆಗಲಿಲ್ಲ. ಈಗ ನರ್ಸರಿಗಳಲ್ಲಿ ಕುಂಡದ ಜುನಿಪರ್ ಕಂಡರೆ ಆಯಿಯ ತಂಬಿಗೆ ನೆನಪಾಗ್ತದೆ. ದಯವಿಟ್ಟು ಕೊಳ್ಳಬೇಡಿ, ಕೊಳ್ಳಲೇಬೇಕು ಅನ್ನಿಸಿದರೂ ಮಳೆಗೆ ಇಡಬೇಡಿ.

ಚೀಟಿ ಬಂತು, ಐದು ನಿಮಿಷವಂತೆ. ಓಡಿಸ್ತೇನೆ. ಗಂಡು ಮರ, ಹೆಣ್ಣು ಮರ ಸಾಮಾನ್ಯವಾಗಿ ಬೇರೆ ಬೇರೆ. ತೋಟದಲ್ಲಿ ಗಂಡು ಜಾಯಿಕಾಯಿ ಸಾಕಿ ಬೈಸಿಕೊಂಡವರಿಗೆ ಇದು ಗೊತ್ತು. ಪರಾಗ ಗಾಳಿಯ ಕೆಲಸ, ಬೀಜ ಹಕ್ಕಿಯ ಕೆಲಸ. ಮೊಳಕೆ ಒಡೆಯಲು ವರ್ಷಗಟ್ಟಲೆ ಬೇಕಾಗಬಹುದು, ಬೆಳೆಯೋದಂತೂ ಬಹಳ ನಿಧಾನ. ಲಡಾಖಿನವರು ಶುಕ್ಪಾ ಅಂತಾರೆ, ಎಲೆಯನ್ನು ಧೂಪಕ್ಕೆ ಸುಡ್ತಾರೆ. ಟಿಬೆಟ್ಟಿನ ಒಂದು ಜುನಿಪರ್ ಸುಮಾರು 4,900 ಮೀಟರ್ ಎತ್ತರದಲ್ಲೂ ಮರವಾಗಿಯೇ ನಿಲ್ಲುತ್ತದೆ, ಉತ್ತರಾರ್ಧಗೋಳದಲ್ಲಿ ಅದಕ್ಕಿಂತ ಮೇಲೆ ಮರಗಾಡು ಇಲ್ಲ. ಬಲೂಚಿಸ್ತಾನದ ಜಿಯಾರತ್ ಕಾಡಿನ ಕತೆ ಇನ್ನೊಮ್ಮೆ.

ನಾಳೆ ಬೆಳಿಗ್ಗೆ ಆರೂವರೆಗೆ ತೀರಕ್ಕೆ ಬನ್ನಿ, ಲೆನ್ಸ್ ನಾನು ತರ್ತೇನೆ, ಗಾಳಿಮರದ ಕಡ್ಡಿ ಮುರಿಯೋಣ. ಡಬ್ಬಿ ಎಲ್ಲಿ? ಕೊಡಿ ಇಲ್ಲಿ. ಎಂಟೇ ಇವೆಯಲ್ಲ! ತಿಂದವರು ಯಾರು ಅಂತ ಕೇಳೋದಿಲ್ಲ, ಪಕ್ಕದವರೇ ಮೂಸಿ ಹೇಳ್ತಾರೆ.