ಹಿಮ್ಮೇಳ ಮುಂದೆ ಬಂದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಲಂಡನ್ ಆಫ್ರಿಕನ್ ಗಾಸ್ಪೆಲ್ ಕಾಯರ್ ಅಂತ ಒಂದು ತಂಡ ಇದೆ. ಚರ್ಚಿನ ಭಕ್ತಿಗೀತೆ ಹಾಡುವವರು. ಇವರು ಒಂದು ಪಾಪ್ ಆಲ್ಬಮ್ಮನ್ನು ವೇದಿಕೆ ಮೇಲೆ ಹಾಡುತ್ತಾರೆ. ಅಮೆರಿಕದ ಪಾಲ್ ಸೈಮನ್ ಅವರ 'ಗ್ರೇಸ್‌ಲ್ಯಾಂಡ್', 1986ರದ್ದು. ಹಳೇ ಹಾಡನ್ನು ಸುಮ್ನೆ ಮತ್ತೆ ಹಾಡೋದಲ್ಲ ಇದು. ಯಾಕೆ ಅಂತ ಹೇಳ್ತೀನಿ.

ಸೈಮನ್ ಕೈಗೆ ದಕ್ಷಿಣ ಆಫ್ರಿಕದ ಅಕಾರ್ಡಿಯನ್ ಸಂಗೀತದ ಒಂದು ಕ್ಯಾಸೆಟ್ ಸಿಕ್ಕಿತ್ತು. ಅದರ ಗುಂಗಿನಲ್ಲೇ 1985ರಲ್ಲಿ ಜೋಹಾನ್ಸ್‌ಬರ್ಗ್‌ಗೆ ಹೋದರು. ಅಲ್ಲಿ ರೇ ಫಿರಿ ಗಿಟಾರ್ ನುಡಿಸಿದರು, ಬಕಿತಿ ಕುಮಾಲೊ ಬಾಸ್ (ತಗ್ಗು ಸ್ವರದ ಗಿಟಾರ್) ನುಡಿಸಿದರು. ಎಷ್ಟೋ ಹಾಡುಗಳಿಗೆ ಮೊದಲು ಹುಟ್ಟಿದ್ದು ಈ ನುಡಿಸಾಣಿಕೆ. ಮಾತು ಆಮೇಲೆ ಬಂತು.

ಆಗ ಅಲ್ಲಿ ವರ್ಣಭೇದದ ಆಡಳಿತ. ಕಲಾವಿದರು ಆ ದೇಶಕ್ಕೆ ಹೋಗಬಾರದು ಅಂತ ವಿಶ್ವಸಂಸ್ಥೆ 1980ರಲ್ಲೇ ಕರೆ ಕೊಟ್ಟಿತ್ತು. ಹಾಗಾಗಿ ಸೈಮನ್ ಮೇಲೆ ಜೋರು ಟೀಕೆ ಬಂತು. ಇತ್ತ ಗಡೀಪಾರಾಗಿ ಹೊರಗಿದ್ದ ದಕ್ಷಿಣ ಆಫ್ರಿಕದ ಗಾಯಕಿ ಮಿರಿಯಮ್ ಮಕೆಬಾ, ತುತ್ತೂರಿ ವಾದಕ ಹ್ಯೂ ಮಸೆಕೆಲಾ ಅವರೇ 1987ರಲ್ಲಿ ಸೈಮನ್ ಜೊತೆ ಊರೂರು ತಿರುಗಿ ಹಾಡಿದರು. ನನಗೆ ಎರಡೂ ಕಡೆಯವರ ಮಾತು ತಳ್ಳಿಹಾಕಲು ಆಗೋದಿಲ್ಲ.

ಈ ಆಲ್ಬಮ್ಮಿನಲ್ಲಿ ನನಗೆ ಜಾಸ್ತಿ ಇಷ್ಟ 'ಹೋಮ್‌ಲೆಸ್'. ಅದರಲ್ಲಿ ಹಾಡಿರೋದು ಜೋಸೆಫ್ ಶಬಲಾಲಾ ಅವರ ತಂಡ, ಲೇಡಿಸ್ಮಿತ್ ಬ್ಲಾಕ್ ಮಂಬಾಜೊ. ಲೇಡಿಸ್ಮಿತ್ ಅವರ ಊರು. ಬ್ಲಾಕ್ ಅಂದರೆ ಹೊಲದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಕರಿ ಎತ್ತು. ಮಂಬಾಜೊ ಅಂದರೆ ಕೊಡಲಿ, ಪೈಪೋಟಿಗೆ ಬಂದವರನ್ನು ಕಡಿದು ಕೆಡವುವ ಕೊಡಲಿ! ಅವರು ಹಾಡುವ ಬಗೆಗೆ ಇಸಿಕತಮಿಯಾ ಅಂತ ಹೆಸರು. ಊರು ಬಿಟ್ಟು ದುಡಿಯಲು ಹೋದ ಜುಲು ಜನಾಂಗದ ಗಂಡಸರು ಹಾಸ್ಟೆಲ್‌ಗಳಲ್ಲಿ ಬೆಳೆಸಿದ ಹಾಡು. ಕಾವಲುಗಾರರಿಗೆ ಕೇಳಿಸಬಾರದಲ್ವಾ, ಅದಕ್ಕೇ ತುದಿಗಾಲಲ್ಲಿ ಹೆಜ್ಜೆ ಹಾಕುತ್ತಿದ್ದರಂತೆ. ಮುಂದೆ ಒಬ್ಬ ಎತ್ತಿಕೊಡುತ್ತಾನೆ, ಹಿಂದಿನವರು ಸೊಲ್ಲು ಹಿಡಿಯುತ್ತಾರೆ. ನಮ್ಮ ಭಜನೆ ಮನೆಯಲ್ಲಿ ಕೂತವರಿಗೆ ಇದು ತಕ್ಷಣ ಹಿಡಿಸುತ್ತದೆ.

ಈಗ ಗಾಸ್ಪೆಲ್ ತಂಡದ ವಿಷಯಕ್ಕೆ ಬರ್ತೀನಿ. ಮೂಲದಲ್ಲಿ ಮುಂದೆ ಇರೋದು ಸೈಮನ್ ಅವರ ಮೆದು ದನಿ. ಆಫ್ರಿಕದ ದನಿಗಳು ಹೆಚ್ಚಾಗಿ ಹಿಮ್ಮೇಳ. ಈ ತಂಡ ಹಾಡುವಾಗ ಹಿಮ್ಮೇಳವೇ ಮುಂದೆ ಬಂದು ನಿಲ್ಲುತ್ತದೆ. ಹೆಣ್ಣು, ಗಂಡು ದನಿಗಳು ಒಂದರ ಮೇಲೊಂದು ಏರುತ್ತವೆ, ಚಪ್ಪಾಳೆಯೇ ತಾಳ. ಒಂಟಿ ಮನುಷ್ಯನ ಯೋಚನೆಯಂತಿದ್ದ ಸಾಲು ಒಂದು ಇಡೀ ಕೇರಿಯ ಮಾತಾಗುತ್ತದೆ.

ಕಷ್ಟವೂ ಇದೆ. 'ಯು ಕೆನ್ ಕಾಲ್ ಮಿ ಆಲ್' ಹಾಡಿನಲ್ಲಿ ಕುಮಾಲೊ ಅವರ ಬಾಸ್ ಝರಿಯಂತೆ ಸುರಿಯುವ ಒಂದು ಗಳಿಗೆ ಬರುತ್ತದೆ. ಅದರ ಅರ್ಧ ಮಾತ್ರ ಅವರು ನುಡಿಸಿದ್ದು. ಉಳಿದರ್ಧ ಅದೇ ಟೇಪನ್ನು ಹಿಂದುಮುಂದಾಗಿ ಓಡಿಸಿ ಜೋಡಿಸಿದ್ದು. ವೇದಿಕೆ ಮೇಲೆ ಟೇಪ್ ತಿರುಗಿಸಲು ಆಗುತ್ತಾ? ನುಡಿಸುವವರು ಎರಡೂ ಅರ್ಧವನ್ನು ಬೆರಳಲ್ಲೇ ತರಬೇಕು.

ಇನ್ನೊಂದು ಸಂಗತಿ. 'ಹೋಮ್‌ಲೆಸ್' ಧ್ವನಿಮುದ್ರಣ ಆಗಿದ್ದು ಜೋಹಾನ್ಸ್‌ಬರ್ಗ್‌ನಲ್ಲಲ್ಲ, ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೋದಲ್ಲಿ. ಅದೇ ಊರಿನ ತಂಡ ಈಗ ಈ ಹಾಡುಗಳನ್ನು ಎತ್ತಿಕೊಂಡಿದೆ. ರೇ ಫಿರಿ 2017ರಲ್ಲಿ ತೀರಿಕೊಂಡರು, ಶಬಲಾಲಾ 2020ರಲ್ಲಿ.

ಈಗ 'ಹೋಮ್‌ಲೆಸ್' ಕೇಳೋಣ. ವಾದ್ಯ ಒಂದೂ ಇಲ್ಲ, ಬರೀ ಕಂಠ. ತೀರಾ ಕೆಳಗಿನ ದನಿಗಳ ಕಡೆ ಸ್ವಲ್ಪ ಕಿವಿ ಕೊಡಿ.